ಮಣ್ಣಿಗಿಂತ ಮೊದಲು ಲ್ಯಾಬಿಗೆ

ಖಾನಾಪುರದ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಬೆಳಗಾವಿ ಬಸ್ಸಿನ ಮೆಟ್ಟಿಲ ಮೇಲೆ ಚಂದ್ರವ್ವ ಮೊದಲು ಪೇಂಟಿನ ಹಳೆ ಬಕೆಟ್ ಎತ್ತಿಡುತ್ತಾರೆ. ಆಮೇಲೆ ಕಂಬಿ ಹಿಡಿದು, ಮೊಣಕಾಲನ್ನು ಒಂದೊಂದಾಗಿ ಮೇಲೆಳೆದುಕೊಂಡು ತಾವು ಹತ್ತುತ್ತಾರೆ. ಬಕೆಟ್ಟಿನ ಮುಚ್ಚಳದ ಕೆಳಗೆ, ಹರಿದ ಸೀರೆಯ ತುಂಡುಗಳ ನಡುವೆ, ಮೂರು ಪ್ಲಾಸ್ಟಿಕ್ ಡಬ್ಬಿಗಳಿವೆ. ಔಷಧದ ಘಾಟು ಬಸ್ಸಿಗೆಲ್ಲ ಹರಡುತ್ತದೆ.

"ಏನ ಮಾವಶಿ, ನೀ ಪುಕ್ಕಟೆ ಖರೇ. ಬಕೆಟ್ಟಿಗೆ ಲಗೇಜ್ ಹರೀಲೇನ?" ಕಂಡಕ್ಟರ್ ಕೆಣಕುತ್ತಾನೆ.

"ಇದರಾಗ ಇರೂದೂ ಹೆಣ್ಣಮಕ್ಕಳ ಮೈಯಾಂದ ಐತೋ ಯಪ್ಪಾ. ಇದೂ ಪುಕ್ಕಟೆನ ಬರಬೇಕು. ಮುಚ್ಚಳಾ ತಗದ ತೋರಸ್ಲೇನ?"

ಅವನು ಮುಂದಿನ ಸೀಟಿಗೆ ಹೋಗುತ್ತಾನೆ.

ಡಬ್ಬಿಗಳಲ್ಲಿರುವುದು ಆಪರೇಷನ್ನಿನಲ್ಲಿ ತೆಗೆದ ಗರ್ಭಚೀಲ, ಅಂಡಾಶಯ, ಗಡ್ಡೆ. ಅವುಗಳನ್ನು ಕೊಯ್ದು, ಕ್ಯಾನ್ಸರ್ ಇದೆಯೋ ಇಲ್ಲವೋ ನೋಡಲು ಬೆಳಗಾವಿಯ ಲ್ಯಾಬಿಗೇ ಒಯ್ಯಬೇಕು. ಚಂದ್ರವ್ವ ಕೆಲಸ ಮಾಡುವ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮೊದಲು ಡಬ್ಬಿಯನ್ನು ರೋಗಿಯ ಮನೆಯವರ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಈಗ ಅದನ್ನು ಚಂದ್ರವ್ವ ಒಯ್ಯುತ್ತಾರೆ. ಪಗಾರ ಪಟ್ಟಿಯಲ್ಲಿ ಅವರು ಕಸ ಗುಡಿಸುವವರು. ಡಬ್ಬಿ ಒಯ್ಯುವ ಕೆಲಸಕ್ಕೆ ಅಲ್ಲಿ ಹೆಸರೂ ಇಲ್ಲ.

ಇವತ್ತಿನ ಮೂರರಲ್ಲಿ ಒಂದು ಡಬ್ಬಿ ತಸ್ಲೀಮಾ ಅವರದು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತಸ್ರಾವ ಶುರುವಾಗಿ, ಅಂಡಾಶಯದಲ್ಲಿ ಗಡ್ಡೆ ಕಂಡು ನಿನ್ನೆ ಆಪರೇಷನ್ ಆಗಿದೆ. ಇದು ಲ್ಯಾಬ್ ಮುಟ್ಟಿದರೆ ಆಕೆಗೆ ಏನಾಗಿದೆ ಎಂದು ತಿಳಿಯುತ್ತದೆ. ಮುಟ್ಟದಿದ್ದರೆ ಚಂದ್ರವ್ವನಿಗೆ ಆದದ್ದೇ ಆಕೆಗೂ ಆಗಬಹುದು. ನಿನ್ನೆ ಸಂಜೆ ಅದು ಮುಟ್ಟುವ ಲಕ್ಷಣವೇ ಇರಲಿಲ್ಲ. ಟೆಂಪೋ ಓಡಿಸುವ ಗಂಡ ಇಸ್ಮಾಯಿಲ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗೇಟಿನ ತನಕ ಬಂದಿದ್ದರು.

"ಅಡ್ಡ ಬರಬ್ಯಾಡ್ರಿ ಮಾವಶಿ. ನಮ್ಮ ಮನೀ ಹೆಣ್ಣಮಗಳ ಮೈಯಾಂದು. ಕಬರಸ್ತಾನದಾಗ ಇಟ್ಟ ಬರ್ತೀನಿ. ಯಾರ ಕೈಯಾಗೂ ಕೊಯ್ಯಾಕ ಕೊಡೂದಿಲ್ಲ. ಡಾಕ್ಟ್ರ ಸಾದಾ ಗಡ್ಡಿ ಅಂದಾರ."

"ಡಾಕ್ಟ್ರ ಕಣ್ಣೇನ ದುರ್ಬೀನೇನ? ನನಗೂ ಸಾದಾ ಅಂದಿದ್ರು. ನೋಡ ಬಾಬಾ, ಮಣ್ಣ ಕೊಡಬ್ಯಾಡ ಅನ್ನಾಂಗಿಲ್ಲ ನಾನು. ಮೊದಲ ಲ್ಯಾಬಿನವರು ನೋಡ್ಲಿ. ಒಂದೀಟ ತುಂಡ ಮತ್ತ ನೋಡಾಕಂತ ಮೇಣದಾಗ ಹಾಕಿ ಅವರು ಇಟ್ಟಕೋತಾರ, ಅದು ಬೇಕ ಬೇಕು. ಉಳದದ್ದ ಎಲ್ಲಾ ನಾನ ತಿರಗಿ ತಂದ ನಿನ್ನ ಕೈಯಾಗ ಕೊಡ್ತೀನಿ. ಆಮ್ಯಾಲ ದುವಾ ಓದು, ಮಣ್ಣ ಕೊಡು."

ಇಸ್ಮಾಯಿಲ ಟವೆಲ್ ಸಮೇತ ಡಬ್ಬಿ ಕೊಟ್ಟರು.

ಉಳಿದದ್ದನ್ನು ವಾಪಸ್ ಕೊಡುತ್ತೇವೆ ಎಂಬ ಒಂದು ಮಾತು. ಇದನ್ನು ಹೇಳಲು ಯಾವ ಯಂತ್ರ ಬೇಕು, ಯಾವ ಅನುದಾನ ಬೇಕು? ಮುಸ್ಲಿಮರು, ಲಿಂಗಾಯತರು ಎಂಬ ಹೆಣ ಹೂಳುವ ಎರಡು ಸಮುದಾಯಗಳ ನಡುವೆ ದವಾಖಾನೆ ನಡೆಸುವವರಿಗೆ ಈ ಮಾತು ಒಮ್ಮೆಯೂ ಹೊಳೆಯಲಿಲ್ಲ. ನೆಲ ಒರೆಸುವ ಹೆಂಗಸಿಗೆ ಹೊಳೆಯಿತು, ಯಾಕೆಂದರೆ ಅದು ಹೊಳೆಯದೇ ಇದ್ದದ್ದರ ಫಲವನ್ನು ಆಕೆ ಹೊಟ್ಟೆಯಲ್ಲಿ ಹೊತ್ತಿದ್ದಾರೆ.

ಜಾಂಬೋಟಿ ಹತ್ತಿರದ ಊರು ಚಂದ್ರವ್ವನದು. ಎಂಟು ವರ್ಷದ ಹಿಂದೆ, ನಿಂತುಹೋಗಿದ್ದ ಮುಟ್ಟು ಮತ್ತೆ ಬಂದಂತಾಯಿತು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ನಕ್ಕರು. "ಏನ ಚಂದ್ರವ್ವಾ, ಹರೇ ತಿರಗಿ ಬಂತೇನ, ಅಂದ್ರು. ನಾನೂ ನಕ್ಕೆನ್ರಿ. ನಗೂದಲ್ಲ ಅಂತ ಯಾರಿಗೆ ಗೊತ್ತಿತ್ತು?" ಅಂಡಾಶಯದ ಗಡ್ಡೆಯೇ ಹೆಣ್ಣಿನ ಹಾರ್ಮೋನು ಸುರಿಸುತ್ತಿತ್ತು. ಊರಿನ ಸಮೀಪದ ಇನ್ನೊಂದು ಸಣ್ಣ ದವಾಖಾನೆಯಲ್ಲಿ ಆಪರೇಷನ್ ಆಯಿತು. ಗಂಡ ಉಳವಪ್ಪನ ಕೈಗೆ ಡಬ್ಬಿ ಕೊಟ್ಟು, ಬೆಳಗಾವಿಗೆ ಕೊಟ್ಟು ಬಾ ಎಂದರು. ಯಾಕೆ ಎಂದು ಹೇಳಲಿಲ್ಲ.

"ಹೆಂಡ್ತಿ ಮೈಯಾಂದು. ತಿಪ್ಪ್ಯಾಗ ಒಗೀಲೇನ್ರಿ? ಬಸ್ಸಿನಾಗ ಹಿಡಕೊಂಡ ತಿರಗ್ಲೇನ? ಈಬತ್ತಿ ಹಚ್ಚಿ, ಗದ್ದಿ ಬದುವಿನಾಗ ಮಣ್ಣ ಮಾಡಿದೆ," ಎನ್ನುತ್ತಾರೆ ಉಳವಪ್ಪ. ಹೇಳುವಾಗ ನನ್ನನ್ನು ನೋಡುವುದಿಲ್ಲ.

ಈ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ತುಂಡಿಗೆ ಅವರು ಕೊಟ್ಟ ಮರ್ಯಾದೆಯನ್ನು ಕೊಯ್ದ ಡಾಕ್ಟರು ಕೊಡಲಿಲ್ಲ. ಹೊಲಿಗೆ ಬಿಚ್ಚಲು ಹೋದಾಗ ಕೂಡ ರಿಪೋರ್ಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು.

ಐದು ವರ್ಷ ಕಳೆದು ಹೊಟ್ಟೆ ಊದಿಕೊಂಡಿತು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೊಂದು ಹೆಸರು ಸಿಕ್ಕಿತು: ಗ್ರ್ಯಾನ್ಯುಲೋಸಾ ಸೆಲ್ ಟ್ಯೂಮರ್. ಅಂಡಾಶಯದ ನೂರು ಕ್ಯಾನ್ಸರಿನಲ್ಲಿ ಐದೂ ಇರಲಾರದಷ್ಟು ಅಪರೂಪ. ನಿಧಾನಕ್ಕೆ ಬೆಳೆಯುತ್ತದೆ. ಒಂದೇ ಅಂಡಾಶಯದಲ್ಲಿದ್ದಾಗ ತೆಗೆದರೆ ಹೆಚ್ಚಿನವರು ಬಹುಕಾಲ ಬದುಕುತ್ತಾರೆ. ಆದರೆ ಹತ್ತು, ಹದಿನೈದು ವರ್ಷದ ಮೇಲೂ ಮರಳಿ ಬರಬಹುದು, ಹಾಗಾಗಿ ಜೀವನಪೂರ್ತಿ ಕಾಯುತ್ತಿರಬೇಕು. ಚಂದ್ರವ್ವನನ್ನು ಯಾರೂ ಕಾಯಲಿಲ್ಲ. ಏನಿತ್ತು ಎಂದೇ ಗೊತ್ತಿಲ್ಲದ ಮೇಲೆ ಕಾಯುವುದು ಏನನ್ನು?

ಮತ್ತೆ ಆಪರೇಷನ್, ಆಮೇಲೆ ಕಿಮೋ. ಕೂದಲು ಹೋಗಿ ಬಂತು. ಈಗ ದಿನಾ ಒಂದು ಮಾತ್ರೆ. ಅದು ಕೀಲುಗಳನ್ನೆಲ್ಲ ಹಿಡಿಸುತ್ತದೆ, ಮೆಟ್ಟಿಲು ಹತ್ತುವಾಗಿನ ಪಾಡು ಅದರದು. ಮೂತ್ರಕೋಶದ ಹಿಂದೆ ಸಣ್ಣ ಗಡ್ಡೆಯೊಂದು ಉಳಿದಿದೆ. ಡಾಕ್ಟರು ಆಗಾಗ ಸ್ಕ್ಯಾನ್ ಮಾಡಿ, ರಕ್ತ ತೆಗೆದು ನೋಡುತ್ತಾರೆ. "ಭಾಡಿಗಿ ಕೊಡದ ಕುಂತಾನ್ರಿ ಒಳಗ. ಹೊರಗ ಹಾಕಾಕ ಆಗವಲ್ದು. ದಾಂಧಲೆ ಮಾಡದಾಂಗ ನೋಡಕೋತ ಇರೂದು," ಎಂದು ನಗುತ್ತಾರೆ ಚಂದ್ರವ್ವ.

ಕಿಮೋ ಮುಗಿದ ಮೇಲೆ ಖಾನಾಪುರದ ಈ ನರ್ಸಿಂಗ್ ಹೋಮಿನಲ್ಲಿ ಕೆಲಸ ಕೇಳಿದ್ದು ಅವರೇ. ಮೊದಲ ವಾರವೇ, ಡಬ್ಬಿ ಹಿಡಿದು ದಿಕ್ಕು ತೋಚದೆ ನಿಂತಿದ್ದ ಒಬ್ಬಳನ್ನು ಕಂಡರು. ಆವತ್ತಿನಿಂದ ಬಕೆಟ್ ಅವರ ಕೈ ಬಿಟ್ಟಿಲ್ಲ. ಡಬ್ಬಿ ಕಳಿಸುವುದು ಯಾರ ಕೆಲಸ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. "ಪೇಶಂಟ್ ಕಡೆಯವರ ಜವಾಬ್ದಾರಿ. ಮಾವಶಿ ಏನೋ ಸೇವಾ ಅಂತ ಮಾಡ್ತಾಳ," ಎಂದರು. ತಾವು ಮಾಡಬೇಕಾದ ಕೆಲಸವನ್ನು ಇನ್ನೊಬ್ಬರು ಮಾಡಿದಾಗ ಅದಕ್ಕೆ ಸೇವೆ ಎಂದು ಹೆಸರಿಡುವುದು ಎಷ್ಟು ಸಲೀಸು!

ಬೆಳಗಾವಿಯಲ್ಲಿ ಇಳಿದು, ಸಿಟಿ ಬಸ್ ಹಿಡಿದು, ಚಂದ್ರವ್ವ ಹಿಂದವಾಡಿಯ ಲ್ಯಾಬ್ ತಲುಪುತ್ತಾರೆ. ಡಬ್ಬಿ ಇಳಿಸಿಕೊಳ್ಳುವ ಸಮೃದ್ಧಿ ಹೇಳುತ್ತಾರೆ: "ಮೊದಲ ಆ ಕಡಿಂದ ಡಬ್ಬಿ ಬರ್ತಿದ್ದದ್ದ ಕಡಿಮಿ. ಬಂದ್ರೂ ಔಷಧ ಇಲ್ಲದ ಬರೇ ನಳದ ನೀರಾಗ ಹಾಕಿ ಕಳಸ್ತಿದ್ರು. ಕೊಳತ ಹೋಗಿರ್ತಿತ್ತು. ಕೊಳತದ್ದರಾಗ ಏನ ನೋಡೂದು?" ತಸ್ಲೀಮಾ ಅವರ ಡಬ್ಬಿಯ ಮೇಲೆ ಚೀಟಿ ಅಂಟಿಸುವವರೆಗೂ ಚಂದ್ರವ್ವ ಕದಲುವುದಿಲ್ಲ. "ಉಳದದ್ದ ನನಗ ಬೇಕವಾ, ಒಗದ ಗಿಗದೀರಿ," ಎಂದು ಎರಡು ಸಲ ಹೇಳುತ್ತಾರೆ.

ಎರಡು ವಾರದ ಮೇಲೆ ತಸ್ಲೀಮಾ ಅವರ ರಿಪೋರ್ಟ್ ಬರುತ್ತದೆ. ಚಂದ್ರವ್ವನಿಗೆ ಬಂದ ಅದೇ ಕ್ಯಾನ್ಸರ್. ಒಂದೇ ಅಂಡಾಶಯದಲ್ಲಿ, ಹೊರಗೆ ಹರಡಿದ ಗುರುತಿಲ್ಲ.

ಸಂಜೆ ಇಸ್ಮಾಯಿಲ ಚಂದ್ರವ್ವನ ಮನೆ ಬಾಗಿಲಿಗೆ ಬಂದು ಕೂಗಾಡುತ್ತಾರೆ. "ನೀವ ನಮ್ಮ ಮನೀಗೆ ಇದನ್ನ ತಂದ್ರಿ! ಅವತ್ತ ಮಣ್ಣ ಕೊಟ್ಟಿದ್ರ ಆರಾಮ ಇರ್ತಿದ್ವಿ. ಆಕಿ ಈಗ ಉಣ್ಣವಲ್ಲಳು, ಮಲಗವಲ್ಲಳು!" ಓಣಿಯೆಲ್ಲ ಹೊರಗೆ ಬಂದು ನಿಲ್ಲುತ್ತದೆ. ಚಂದ್ರವ್ವ ಒಳಗಿನಿಂದ, ಟವೆಲ್ಲಿನಲ್ಲಿ ಸುತ್ತಿದ ಡಬ್ಬಿ ತಂದು ಅವರ ಕೈಗೆ ಕೊಡುತ್ತಾರೆ. "ತಗೋ ಬಾಬಾ, ಹೇಳಿದಾಂಗ ತಂದೀನಿ. ಇದನ್ನ ಇಟ್ಟ ಬಾ. ನಾಳಿ ತಸ್ಲೀಮಾನ ಕರಕೊಂಡ ಬಸ್‌ಸ್ಟ್ಯಾಂಡಿಗೆ ಬಾ. ನನ್ನ ಡಾಕ್ಟ್ರ ಕಡೆ ನಾನ ಕರಕೊಂಡ ಹೋಗ್ತೀನಿ."

ಇಸ್ಮಾಯಿಲ ಡಬ್ಬಿ ಎದೆಗವಚಿಕೊಂಡು ಹೊರಟುಹೋಗುತ್ತಾರೆ.

ಓಣಿಯೆದುರು ಇಷ್ಟು ಬೈಸಿಕೊಂಡಿರಲ್ಲ, ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ.

"ಬೈಲಿ ಬಿಡ್ರಿ," ಎನ್ನುತ್ತಾರೆ ಚಂದ್ರವ್ವ. "ಅಂವಗ ಗೊತ್ತಾಗೇತಿ, ಅದಕ್ಕ ಬೈತಾನ. ನಮಗ ಬೈಯಾಕೂ ಏನೂ ಗೊತ್ತಿರಲಿಲ್ಲ."