ರೆಕ್ಕೆಯ ಕಡಾಣಿ

ನನ್ನ ತಮ್ಮ ವಿಮಾನ ಕೊಳ್ಳುತ್ತೇನೆ ಎಂದಾಗ ನಾನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟು ಅವನ ಮುಖ ನೋಡಿದೆ. ಕುಡಿದಿರಲಿಲ್ಲ. ಅವನು ಕುಡಿಯುವವನೂ ಅಲ್ಲ.

ಮಿಲಿಟರಿಯಲ್ಲಿ ಮೂವತ್ತು ವರ್ಷ ವಿಮಾನ ರಿಪೇರಿ ಮಾಡಿದವನು. ಬೇರೆಯವರು ಹಾರಲಿ ಎಂದು ನಟ್ಟು ಬಿಗಿದನೇ ಹೊರತು ತಾನು ಹಾರಿಸಲಿಲ್ಲ. ರಿಟೈರ್ ಆಗಿ ನಂಜನಗೂಡಿನಲ್ಲಿ ಮನೆ ಮಾಡಿದ ಮೇಲೆ, ಹೋಗಿ ಹಾರಿಸುವುದನ್ನು ಕಲಿತು ಲೈಸೆನ್ಸು ತಂದ. ನಮ್ಮವ್ವ ಅವನನ್ನು ಹೆತ್ತ ವರ್ಷವೇ ಹೋದಳು. ಎತ್ತಿ ಸಾಕಿದವಳು ನಾನು. ಅವನ ಹೆಂಡತಿ ಯಾವುದಕ್ಕೂ ಹೆದರುವವಳಲ್ಲ ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಹೆದರುವ ಕೆಲಸ ಮೊದಲಿಂದಲೂ ನನ್ನದು.

ಅವನು ನನ್ನ ಹತ್ತಿರ ಬಂದದ್ದು ಹುಳದ ಮನೆ ಕೇಳಲು. ತಗಡೂರಿನ ಹತ್ತಿರ ನಮ್ಮ ಹೊಲದಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಮನೆ ಇದೆ. ಮಂಡಿ ನೋವು ಹಿಡಿದ ಮೇಲೆ ಹುಳ ಸಾಕುವುದು ಬಿಟ್ಟೆ, ಮನೆ ಖಾಲಿ ಬಿದ್ದಿತ್ತು. ಹಾರಿಸಲು ಜಾಗ ಸಿಕ್ಕಿದ್ದು ನರಸೀಪುರದ ಆಚೆ. ಅವನ ಪರಿಚಯದವರೊಬ್ಬರು ಪರ್ಮಿಷನ್ ತೆಗೆದು ತಮ್ಮ ಜಮೀನಿನಲ್ಲಿ ಮಾಡಿಸಿದ ಮಣ್ಣಿನ ರನ್‌ವೇ. ಅಲ್ಲಿ ಸೂರಿಲ್ಲ. ಹೊರಗೆ ಬಿಟ್ಟರೆ ಗಾಳಿಗೆ ಮಗುಚುತ್ತದೆ, ಬಿಸಿಲಿಗೆ ರೆಕ್ಕೆಯ ಬಟ್ಟೆ ಹಾಳಾಗುತ್ತದೆ. ಅದಕ್ಕೆ ರೆಕ್ಕೆ ಬಿಚ್ಚಿಯೋ ಮಡಚಿಯೋ ಟ್ರೈಲರ್ ಮೇಲೆ ಹಾಕಿ, ಜೀಪಿಗೆ ಕಟ್ಟಿ ಎಳೆದೊಯ್ಯುವಂಥದೇ ಬೇಕು, ವಾಪಸು ತಂದು ನಿನ್ನ ಹುಳದ ಮನೆಯಲ್ಲಿ ನಿಲ್ಲಿಸುತ್ತೇನೆ, ಕೊನೆ ಗೋಡೆ ಒಡೆದು ಶೆಟರ್ ಹಾಕಿಸುತ್ತೇನೆ ಎಂದ.

ರೆಕ್ಕೆಗೆ ಬಟ್ಟೆ ಎಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತೂಕ ಎಷ್ಟು ಎಂದು ಕೇಳಿದೆ. ನಮ್ಮ ದೊಡ್ಡ ಎತ್ತಿನಷ್ಟೂ ಇಲ್ಲ ಎಂದ.  ಮನೆ ಕೊಡುವುದಿಲ್ಲ ಎಂದು ಎರಡು ತಿಂಗಳು ಹಟ ಹಿಡಿದೆ. ಹಾಗಾದರೆ ಬಯಲಲ್ಲೇ ಟಾರ್ಪಾಲು ಮುಚ್ಚಿ ಇಡುತ್ತೇನೆ ಎಂದ. ನೆಂದ ಬಟ್ಟೆ, ತುಕ್ಕು ಹಿಡಿದ ಬೋಲ್ಟು ಕಣ್ಣ ಮುಂದೆ ಬಂದವು. ಮನೆ ಕೊಟ್ಟೆ. ಆದರೆ ಯಾವುದನ್ನು ಕೊಳ್ಳಬೇಕೋ ನಾನೂ ಬಂದು ನೋಡುತ್ತೇನೆ ಎಂದೆ. ಅವನು ನಕ್ಕ.

ಮೊದಲನೆಯದು ಚಿಕ್ಕಯ್ಯನಛತ್ರದ ಕಡೆ ಒಂದು ತೋಟದ ಶೆಡ್ಡಿನಲ್ಲಿತ್ತು. ಎರಡು ಸೀಟು. ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಟ್ರೈಲರಿನ ಪಕ್ಕಕ್ಕೆ ಕಟ್ಟಿದ್ದರು. ಮಾರುವವನು ಮಾತುಗಾರ. ಅಜ್ಜಿ, ನೀವೇ ಮೊದಲು ಕೂರಿ, ತೂಕಕ್ಕೆ ಸರಿಯಾಗುತ್ತೀರಿ ಎಂದ. ನಿಮ್ಮವ್ವನನ್ನು ಎಷ್ಟು ಸಲ ಕೂರಿಸಿದ್ದೀರಿ ಎಂದು ಕೇಳಿದೆ.

ರೆಕ್ಕೆ ಜೋಡಿಸಿ ನೋಡುತ್ತೇನೆ ಎಂದು ತಮ್ಮನೇ ಕೈ ಹಾಕಿದ. ಇಬ್ಬರೂ ರೆಕ್ಕೆ ಎತ್ತಿ ತಂದರು. ಒಂದೊಂದು ಕೂಡುವ ಜಾಗಕ್ಕೂ ಒಂದು ಪಿನ್ನು, ಪಿನ್ನು ಜಾರದಂತೆ ಅದರ ತೂತಿಗೊಂದು ಕ್ಲಿಪ್ಪು, ನಾವು ತಲೆಗೆ ಸಿಕ್ಕಿಸುವ ಪಿನ್ನಿನಂಥದು. ನಾನು ಎಣಿಸಿದೆ, ಹದಿನಾಲ್ಕು. ನಡುವೆ ತಮ್ಮನಿಗೆ ಫೋನು ಬಂತು. ಮಾತಾಡಿದ. ಮತ್ತೆ ಕೆಲಸಕ್ಕೆ ಬಂದ. ಆಯಿತು, ಪಕ್ಕದ ಬಯಲಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ ಎಂದರು. ಮಾರುವವನು ಆಗಲೇ ಹತ್ತಿ ಕೂತಿದ್ದ.

ನಾನು ಸುತ್ತ ಒಂದು ಸಲ ಬಂದೆ. ಗಾಡಿ ಹೂಡಿದಾಗ ಚಕ್ರ ಮುಟ್ಟಿ ನೋಡುವುದು ನನ್ನ ಹಳೇ ಚಾಳಿ, ಕೈ ತಾನಾಗಿ ಹೋಗುತ್ತದೆ. ಎಡಗಡೆ ರೆಕ್ಕೆಗೆ ಕೆಳಗಿಂದ ಆನಿಕೆ ಕೊಟ್ಟ ಕಂಬಿ ಇತ್ತು. ಅದರ ಬುಡದ ಪಿನ್ನು ಬೆರಳಿಗೆ ಅಲುಗಾಡಿತು. ಇನ್ನೊಂಚೂರು ಒತ್ತಿದೆ. ಅರ್ಧ ಹೊರಗೆ ಬಂತು.

“ಯಾಕ್ಲಾ ಮಗ, ಇದ್ಕೆ ಕಡಾಣಿ ಇಲ್ವಾ?” ಅಂದೆ.

ತಮ್ಮ ಬಂದು ನೋಡಿದ. ಅಂಗಿ ಜೇಬು ಮುಟ್ಟಿಕೊಂಡ. ಕ್ಲಿಪ್ಪು ಅಲ್ಲಿತ್ತು. ಅವನ ಮುಖದಲ್ಲಿ ರಕ್ತ ಇರಲಿಲ್ಲ. ನಾನು ನೆಲದಲ್ಲೇ ಕೂತೆ. ಮರೆತದ್ದು ಮಾರುವವನಾಗಿದ್ದರೆ ಬೈದು ಎದ್ದು ಬರುತ್ತಿದ್ದೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಅದು. ಅದಕ್ಕೇ ಹೆಚ್ಚು ಹೆದರಿದೆ.

ಜೀಪಿನಲ್ಲಿ ವಾಪಸು ಬರುವಾಗ ನಾನೇ ಬಾಯಿ ಬಿಟ್ಟೆ.

“ಅಪ್ಪನ ಕಾಲು ಮುರ್ದಿದ್ದು ನನ್ನಿಂದ ಕಣ್ಲಾ.”

ಕಡಾಣಿ ಎಂದರೆ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ತುದಿಗೆ ಹಾಕುವ ಕಬ್ಬಿಣದ ಕೀಲು. ಆಗ ನನಗೆ ಹದಿಮೂರು. ಅಚ್ಚಿಗೆ ಕೀಲೆಣ್ಣೆ ಹಾಕುವುದು ನನ್ನ ಕೆಲಸ. ಅವತ್ತು ಕಡಾಣಿ ಕಿತ್ತು ಸೂರಿನ ಗರಿಗೆ ಸಿಕ್ಕಿಸಿ, ಎಣ್ಣೆ ಹಾಕಿ, ಚಕ್ರ ತಳ್ಳಿದ್ದೆ. ಅಷ್ಟರಲ್ಲಿ ತೊಟ್ಟಿಲಲ್ಲಿ ಮಗು ಅತ್ತಿತು. ಒಳಗೆ ಹೋದೆ, ಮರೆತೆ. ಅಪ್ಪ ಕಬ್ಬು ತುಂಬಿಕೊಂಡು ಹೊರಟ. ನಾಲೆ ಏರಿಯ ಇಳಿಜಾರಿನಲ್ಲಿ ಚಕ್ರ ಕಳಚಿ ಗಾಡಿ ಅವನ ಕಾಲ ಮೇಲೆ ಬಿತ್ತು. ಸಾಯುವ ತನಕ ಕುಂಟಿದ. ತಾನೇ ಕಡಾಣಿ ಹಾಕಲಿಲ್ಲವೆಂದು ತಿಳಿದೇ ಸತ್ತ. ಸೂರಿನಲ್ಲಿದ್ದದ್ದನ್ನು ನಾನು ಕಿತ್ತು ಬಾವಿಗೆ ಹಾಕಿದ್ದೆ.

“ಇಷ್ಟು ವರ್ಸ ಯಾಕಕ್ಕ ಏಳ್ನಿಲ್ಲ?” ಎಂದ ತಮ್ಮ.

“ಏಳಿದ್ರೆ ಕಾಲು ಸರಿ ಓಗ್ತಿತ್ತಾ?”

ತೊಟ್ಟಿಲಲ್ಲಿ ಅತ್ತವನು ಅವನೇ ಎಂದು ಮಾತ್ರ ಹೇಳಲಿಲ್ಲ.

ಎರಡನೆಯದು ನರಸೀಪುರದಲ್ಲೇ ಇತ್ತು. ಅದರ ರೆಕ್ಕೆ ಬಿಚ್ಚುವ ಹಾಗಿರಲಿಲ್ಲ. ಜಿರಳೆ ರೆಕ್ಕೆ ಮಡಚಿಕೊಳ್ಳುವ ಹಾಗೆ ಹಿಂದಕ್ಕೆ ತಿರುಗಿ ಮೈಗೆ ಅಂಟಿ ನಿಲ್ಲುತ್ತಿತ್ತು. ಆನಿಕೆ ಕಂಬಿಯೂ ಅದರ ಜೊತೆಗೇ ತಿರುಗುತ್ತಿತ್ತು. ಕೈಯಿಂದ ಹಾಕಿ ತೆಗೆಯುವ ಪಿನ್ನು ಒಂದೊಂದು ರೆಕ್ಕೆಗೆ ಎರಡು, ಒಟ್ಟು ನಾಲ್ಕು. ನಾಲ್ಕೂ ನೆಲದಲ್ಲಿ ನಿಂತರೆ ನನ್ನ ಕೈಗೆ ಸಿಗುತ್ತವೆ. ಆದರೆ ತಮ್ಮನ ಮನಸ್ಸು ಮೊದಲನೆಯದರ ಮೇಲೇ ಇತ್ತು. ಅದು ಹಗುರ, ಬೇಗ ಮೇಲೇಳುತ್ತದೆ, ಇದು ಒಂದು ಮೂಟೆ ಭತ್ತದಷ್ಟು ಹೆಚ್ಚು ತೂಗುತ್ತದೆ, ಏರುವುದೂ ನಿಧಾನ ಎಂದ.

“ನಿದಾನ್ಕೆ ಏರ್ಲಿ. ಅದ್ರಲ್ಲಿ ಅದ್ನಾಕು ಕಡೆ ಮರೀಬೌದು, ಇದ್ರಲ್ಲಿ ನಾಕೇ ಕಡೆ.”

ಅವನು ಪಿನ್ನುಗಳನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದ.  ಅದನ್ನೇ ಕೊಂಡ.

ಆ ನಾಲ್ಕು ಪಿನ್ನಿನ ಕ್ಲಿಪ್ಪು ನನ್ನ ಎಲೆ ಅಡಿಕೆ ಸಂಚಿಯಲ್ಲಿರುತ್ತವೆ. ಅದು ನಾನು ಹಾಕಿದ ಷರತ್ತು. ಸಂಚಿ ಬಿಟ್ಟು ವಿಮಾನ ಹೊರಡುವ ಹಾಗಿಲ್ಲ.

ಮೊದಲ ಸಲ ಹೊರಟಾಗ ಬೆಳಿಗ್ಗೆ ಏಳು ಗಂಟೆ. ಜೀಪಿನಲ್ಲಿ ಹಿಂದಕ್ಕೆ ತಿರುಗಿ ದಾರಿಯುದ್ದಕ್ಕೂ ಟ್ರೈಲರನ್ನೇ ನೋಡಿಕೊಂಡು ಕೂತೆ. ಗುಂಡಿಗೆ ಬಿದ್ದಾಗಲೆಲ್ಲ ರೆಕ್ಕೆ ಅದುರುತ್ತಿತ್ತು. ಟೀ ಅಂಗಡಿಯ ಹತ್ತಿರ ಒಬ್ಬ, ಬೋರ್‌ವೆಲ್ ಮಿಷನ್ನಾ ಎಂದು ಕೇಳಿದ. ಹೌದು, ಮೇಲಕ್ಕೆ ಕೊರೆಯುತ್ತೆ ಎಂದ ತಮ್ಮ. ನನಗೆ ನಗು ಬರಲಿಲ್ಲ.

ಬಯಲಲ್ಲಿ ಮೊದಲು ಅವನ ಫೋನು ಇಸಿದುಕೊಂಡೆ. ಆಮೇಲೆ ಒಂದೊಂದೇ ಕ್ಲಿಪ್ಪು ಕೊಟ್ಟೆ. ಹಾಕಿದ, ನಾನು ಎಳೆದು ನೋಡಿದೆ, ಮುಂದಿನದು ಕೊಟ್ಟೆ. ನಾಲ್ಕೂ ಮುಗಿದವು. ಅವನು ಹತ್ತಿದ, ಇಂಜಿನ್ನು ಕಿರುಚಿತು, ಕೆಂಪು ಧೂಳೆದ್ದಿತು. ನಾನು ಮೇಲೆ ನೋಡಲಿಲ್ಲ. ಹೊಳೆ ಕಡೆಗೆ ಸದ್ದು ಸಣ್ಣದಾಗಿ, ಸಣ್ಣದಾಗಿ, ನಿಂತೇಹೋಯಿತು.

ಸಂಚಿಗೆ ಕೈ ಹಾಕಿದೆ. ಗಟ್ಟಿಯಾಗಿ ಏನೋ ಸಿಕ್ಕಿತು. ಒಂದು ಕ್ಲಿಪ್ಪು ಉಳಿದುಬಿಟ್ಟಿತೇ ಅಂದುಕೊಂಡೆ. ಹೊರಗೆ ತೆಗೆದರೆ ಅಡಿಕೆ ಚೂರು. ಸಂಚಿಯನ್ನು ಮಡಿಲಿಗೆ ಸುರಿದುಕೊಂಡು ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಬೇರೆ ಮಾಡಿ ನೋಡಿದೆ. ಕ್ಲಿಪ್ಪು ಇರಲಿಲ್ಲ. ಮತ್ತೆ ತುಂಬಿದೆ. ಮತ್ತೆ ಸುರಿದೆ.

ಫೋನು ಬಡಿದುಕೊಂಡಿತು. ಅವನ ಹೆಂಡತಿ.

“ಅತ್ತಿಗೆ, ಇಳುದ್ರಾ?”

“ಇನ್ನೂ ಇಲ್ಲ.”

ಅವಳು ಮೂಗಿನಲ್ಲಿ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಇವಳೂ ಹೆದರುತ್ತಾಳೆ ಎಂದು ನನಗೆ ಆಗ ಗೊತ್ತಾದದ್ದು.

“ಫೋನ್ ಮಡಗ್ಬ್ಯಾಡ ಕಣವ್ವ,” ಅಂದೆ. ಅವಳು ಇಡಲಿಲ್ಲ. ಇಬ್ಬರೂ ಹಾಗೇ ಹಿಡಿದುಕೊಂಡಿದ್ದೆವು.

ಸದ್ದು ಮತ್ತೆ ಬಂತು. ಚಕ್ರ ನೆಲ ಮುಟ್ಟಿ, ಒಂದು ಸಲ ಎಗರಿ, ಮತ್ತೆ ಮುಟ್ಟಿ ನಿಂತಿತು. ಅವನು ಇಳಿದು ಹಲ್ಲು ಕಿರಿದುಕೊಂಡು ಬಂದ. ನೋಡ್ದೇನಕ್ಕ, ಅಂದ. ಇಲ್ಲ ಅಂದೆ. ಸಂಚಿ ಬಾಯಿ ಬಿಚ್ಚಿ ಮುಂದೆ ಹಿಡಿದೆ. ಅವನು ನಗು ನಿಲ್ಲಿಸಿ ರೆಕ್ಕೆಯ ಹತ್ತಿರ ಹೋಗಿ, ಒಂದೊಂದೇ ಕ್ಲಿಪ್ಪು ಕಿತ್ತು ತಂದು ಹಾಕಿದ. ನಾಲ್ಕು.