ಐದನೆಯ ಜಾರ್ಜನ ನೋಟೂ ನನ್ನ ಹಳೆಗನ್ನಡವೂ

ಏನ್ರಪಾ ದೋಸ್ತರೇ, ಐದನೆಯ ಜಾರ್ಜ್ ರಾಜನ ಕಾಲದ ನನ್ನ ಹತ್ತು ರೂಪಾಯಿ ನೋಟು ಇವತ್ತು ಕೈಬಿಟ್ಟು ಹೋಗುವುದರಲ್ಲಿತ್ತು. ನನ್ನಂತೆಯೇ ಹಳೆಯ ನೋಟು ಕೂಡಿಸುವ ನಿಪ್ಪಾಣಿಯ ಸಲೀಮನಿಗೆ ಅದನ್ನು ತೋರಿಸಿ, ಗುಂಡು ಅಕ್ಷರಗಳ ಒಂದು ಸಾಲಿನ ಮೇಲೆ ಬೆರಳಿಟ್ಟೆ.

“ನೋಡಲೇ, ಬ್ರಿಟಿಷರೂ ನಮ್ಮ ಕನ್ನಡದಾಗ ‘ಹತ್ತು ರೂಪಾಯಿ’ ಅಂತ ಬರದಾರ!”

“ಕಾಕಾ, ಅದು ಕನ್ನಡ ಅಲ್ರಿ.”

“ಹಳೆಗನ್ನಡಲೇ ಅದು! ಅಲ್ಲಂದ್ರ ನೋಟು ನಿಂದ.”

ಸಲೀಮ ನಕ್ಕ. “ಅದು ಬರ್ಮಾದ ಅಕ್ಷರ. ಕನ್ನಡ ಬ್ಯಾರೆ ಸಾಲಿನ್ಯಾಗ ಐತಿ, ಚಷ್ಮಾ ಹಾಕ್ಕೊಂಡು ನೋಡ್ರಿ. ನೋಟು ತರ್ರಿ ಇಲ್ಲೆ” ಎಂದು ಕೈಚಾಚಿದ.

“ತಡಿಯೋ. ಆ ಬರ್ಮಾದ್ದು ಏನಂತ ಐತಿ?”

“ಹತ್ತು ರೂಪಾಯಿ ಅಂತ.”

“ನಾ ಮತ್ತೇನು ಓದಿದ್ನಿ?”

ಅವನು ಹೊಟ್ಟೆ ಹಿಡಿದು ನಕ್ಕು, ನೋಟಿನ ಆಸೆ ಬಿಟ್ಟು, ಚಹಾ ತರಿಸಿದ. ನಮ್ಮೂರು ಐನಾಪುರದ ಕಡೆ ಯಾರಿಗಾದರೂ ಬರ್ಮಾ ಭಾಷೆಯ ಕಾಗದ ಬಂದರೆ ನನ್ನಲ್ಲಿಗೆ ತನ್ನಿ, ಸಂಕೋಚ ಬೇಡ.