ಹೊಸ್ತಿಲು ತೊಳೆದ ನೀರು

ತಕಾನಿನಿ ಎಂಬ ಹೊಸ ಬಡಾವಣೆಯ ನಮ್ಮ ಬೀದಿಗೆ ಆಗ ಹೆಸರಿತ್ತು, ಮನೆಗಳಿನ್ನೂ ಪೂರ್ತಿ ಎದ್ದಿರಲಿಲ್ಲ. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ನನಗೆ ಹತ್ತು ವರ್ಷ. ಎಲ್ಲೆಲ್ಲೂ ಹಸಿ ಸಿಮೆಂಟಿನ ವಾಸನೆ, ಆಡಲು ಮರಳಿನ ಗುಡ್ಡೆ. ಬಿಲ್ಡರುಗಳ ಯೂಟ್ ಗಾಡಿಗಳು ಹೊರಟುಹೋದ ಮೇಲೆ ಬೀದಿಯೆಲ್ಲ ನಮ್ಮದೇ. ಬೀದಿ ಮುಗಿಯುವಲ್ಲಿ ಒಂದು ತೊರೆ, ಅದರಾಚೆಯ ಹಳೆಯ ಮನೆಯಲ್ಲಿ ಹಿನೆ ಆಂಟಿ ಮತ್ತು ಅವರ ವಯಸ್ಸಾದ ತಾಯಿ. ಮಾವೊರಿಗಳು, ಈ ನಾಡಿನ ಮೂಲನಿವಾಸಿಗಳು, ತಲೆಮಾರುಗಳಿಂದ ಆ ತೊರೆಯನ್ನು ನೋಡಿಕೊಂಡು ಬಂದವರು. ತಾಯಿಯನ್ನು ಎಲ್ಲರೂ ನ್ಯಾನ್ ಎಂದೇ ಕರೆಯುತ್ತಿದ್ದರು.

ಆಂಟಿ ನೀರಿನ ವಿಜ್ಞಾನ ಓದಿ, ಇದ್ದ ಕೆಲಸ ಬಿಟ್ಟು, ತಮ್ಮ ಬಳಗವನ್ನು ಕಟ್ಟಿಕೊಂಡು ತೊರೆಯ ಪರೀಕ್ಷೆಗೆ ಇಳಿದಿದ್ದರು. ಶನಿವಾರ ಬೆಳಿಗ್ಗೆ ಗಮ್‌ಬೂಟ್ ಹಾಕಿಕೊಂಡು ನಾನೂ ಹಾಜರು. ಮೊದಲು ದಡದಲ್ಲಿ ಪ್ರಾರ್ಥನೆ, ಆಮೇಲೆ ನೀರಿಗಿಳಿಯುವುದು. ಲ್ಯಾಬಿಗೆ ಕಳಿಸಲು ಬಾಟಲಿಗೆ ನೀರು ಹಿಡಿಯುವುದು ಆಂಟಿಯ ಕೆಲಸ. ಕಲ್ಲು ಮಗುಚಿ, ಚೊಕ್ಕ ನೀರಿನಲ್ಲಷ್ಟೇ ಬದುಕುವ ಅಡಿಯ ಹುಳುಗಳನ್ನು ಬಿಳಿ ಟ್ರೇಯಲ್ಲಿ ಎಣಿಸುವುದು ನನ್ನದು. ನ್ಯಾನ್ ದಡದಲ್ಲಿ ಕುಳಿತು ನೀರಿನ ಸದ್ದು, ಕೆಸರಿನ ವಾಸನೆ, ಹಾವುಮೀನಿನ ಓಡಾಟ ಗಮನಿಸಿ ಏನು ಹೇಳುತ್ತಿದ್ದರೋ ಅದನ್ನೂ ಆಂಟಿ ಲ್ಯಾಬಿನ ಅಂಕಿಗಳ ಪಕ್ಕದಲ್ಲೇ ಬರೆದುಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಕರಿದ ಬ್ರೆಡ್ಡು, ಮೇಲೆ ಗೋಲ್ಡನ್ ಸಿರಪ್. ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಅಜ್ಜಿ ಅದಕ್ಕೆ ದಪ್ಪ ಪೂರಿ ಎಂದು ನಾಮಕರಣ ಮಾಡಿದ್ದಳು.

ತೊರೆಯಂಚಿಗೆ ವಾಟರ್‌ಕ್ರೆಸ್ ಎಂಬ ಸೊಪ್ಪು ಸೊಂಪಾಗಿ ಬೆಳೆದಿತ್ತು. ಮಸ್ಸೊಪ್ಪಿಗೆಂದು ಅಜ್ಜಿ ಒಮ್ಮೆ ಕೈಹಾಕಿದಾಗ ಆಂಟಿ ಓಡಿಬಂದು ತಡೆದರು. ನೀರು ಕೆಟ್ಟು ವರ್ಷಗಳಾಗಿದ್ದವು, ಕೀಳಬಾರದೆಂದು ಬೋರ್ಡೇ ಇತ್ತು. ನ್ಯಾನ್‌ಗೆ ಅಂಗಡಿಯ ಸೊಪ್ಪು ಸೇರದು. ಕಣ್ಣು ಮುಚ್ಚುವುದರೊಳಗೆ ಒಮ್ಮೆ ತಮ್ಮ ತೊರೆಯ ಸೊಪ್ಪು ಬೇಯಿಸಿ ತಿನ್ನಬೇಕೆಂಬ ಆಸೆ ಅವರದು. ಬಾಟಲಿಯ ಅಂಕಿಯೂ ಕಲ್ಲಿನಡಿಯ ಹುಳುವೂ ಬೇಸಿಗೆ ಮುಗಿಯುವವರೆಗೆ ಸರಿಯಾಗಿದ್ದರೆ ಕಿತ್ತುಕೊಡುತ್ತೇನೆ ಎಂದು ಆಂಟಿ ಮಾತು ಕೊಟ್ಟಿದ್ದರು.

ಇಲ್ಲಿ ಸೆಪ್ಟೆಂಬರಿಗೆ ವಸಂತ ಶುರು; ಆ ವಸಂತದಲ್ಲಿ ಹುಳುಗಳು ಬಂದವು. ನನ್ನ ಟ್ರೇ ತುಂಬಿದ ದಿನ ನ್ಯಾನ್ ಕೂತಲ್ಲೇ ಹಾಡಿದರು. ಆದರೆ ಅಕ್ಟೋಬರಿನ ಒಂದು ಶನಿವಾರ ಟ್ರೇ ಖಾಲಿ. ನೀರು ಆಸ್ಪತ್ರೆಯ ಹಾಗೆ ನಾರುತ್ತಿದೆ ಎಂದರು ನ್ಯಾನ್. ನಾನೂ ಬಗ್ಗಿ ಮೂಸಿದೆ. ಅದು ನಮ್ಮನೆ ಹೊಸ್ತಿಲಿನ ವಾಸನೆ.

ಚಳಿ ಕಳೆದು ಬೆನ್ನುನೋವು ಬಿಟ್ಟ ಮೇಲೆ ಅಜ್ಜಿ ತನ್ನ ಶುಕ್ರವಾರದ ಪದ್ಧತಿಯನ್ನು ಮತ್ತೆ ಹಿಡಿದಿದ್ದಳು. ಸಾರಿಸಲು ಇಲ್ಲಿ ಸಗಣಿ ಎಲ್ಲಿಂದ ತರುವುದು? ಸ್ಯಾಂಡ್ರಿಂಗಮ್‌ನ ಇಂಡಿಯನ್ ಅಂಗಡಿಯಿಂದ ತಂದ ಫಿನೈಲನ್ನು ಬಕೆಟ್ಟಿಗೆ ಧಾರಾಳವಾಗಿ ಸುರಿದು, ಹೊಸ್ತಿಲು, ಅಂಗಳ ತೊಳೆದು, ನೀರನ್ನೆಲ್ಲ ರಸ್ತೆಯ ಮೋರಿಗೆ ಗುಡಿಸಿ, ರಂಗೋಲಿ ಇಡುತ್ತಿದ್ದಳು. ಅವಳನ್ನು ನೋಡಿ ಅಕ್ಕಪಕ್ಕದ ಎರಡು ಮನೆಯವರೂ ಶುರುಮಾಡಿದ್ದರು.

ನಾನು ಬಾಯಿಬಿಡಲಿಲ್ಲ. ಅಜ್ಜಿಗೆ ಅವಮಾನವಾದೀತು, ನನ್ನ ಶನಿವಾರಗಳು ತಪ್ಪಿಹೋದಾವು ಎಂಬ ಭಯ. ಫಿನೈಲ್ ಬೇಡವೆಂದು ಅಜ್ಜಿಯನ್ನು ಗೋಗರೆದೆ, ಕಾರಣ ಮಾತ್ರ ಹೇಳಲಿಲ್ಲ. ಅವಳು ನಕ್ಕು ಮತ್ತೆ ಬಕೆಟ್ಟು ಎತ್ತಿಕೊಂಡಳು. ಹೀಗೆ ಮೂರು ಶನಿವಾರ ಖಾಲಿ ಟ್ರೇ ಹಿಡಿದು, ಏನೂ ತಿಳಿಯದವಳ ಹಾಗೆ ನಿಂತೆ. ನಾಲ್ಕನೆಯ ಶನಿವಾರ ಆಂಟಿ ಒಂದೊಂದೇ ಮೋರಿಯ ಮುಚ್ಚಳ ಎತ್ತಿ ಮೂಸುತ್ತ ನಮ್ಮ ಬೀದಿಗೆ ಬಂದೇಬಿಟ್ಟರು. ನನಗೆ ತಡೆಯಲಾಗದೆ ಅಳು ಬಂತು. ನಮ್ಮ ಮನೆ ಎಂದೆ.

ಆಂಟಿ ಬೈಯಲಿಲ್ಲ. ಅಜ್ಜಿಯನ್ನು ಕರೆದು ಮೋರಿ ತೋರಿಸಿದರು. ಸಿಂಕಿನ ನೀರು ಶುದ್ಧಿಗೆ ಹೋಗುತ್ತದೆ, ಇದು ನೇರ ತೊರೆಗೇ ಬೀಳುತ್ತದೆ ಎಂದದ್ದನ್ನು ನಾನು ಅಜ್ಜಿಗೆ ಕನ್ನಡದಲ್ಲಿ ತೊದಲಿದೆ. ಅಜ್ಜಿ ಬಗ್ಗಿ ಮೋರಿಯೊಳಗೆ ಇಣುಕಿದಳು.

“ಶುದ್ಧ ಆಗ್ಲಿ ಅಂತ ತೊಳೀತಿದ್ದೆ ಕಣೇ ಪುಟ್ಟಿ. ಅವ್ರಮ್ಮನ ತಟ್ಟೆಗೇ ವಿಷ ಹಾಕ್ಬಿಟ್ಟೆ ಅಂತ ಹೇಳು.”

ಸಾರಿ ಅಂತಿದ್ದಾರೆ ಎಂದಷ್ಟೇ ಹೇಳಿದೆ. ಅಷ್ಟಕ್ಕೆ ಅಜ್ಜಿಗೆ ಸಮಾಧಾನವಾಗದೆ, ಅವತ್ತೇ ಪಕ್ಕದ ಮನೆಗಳಿಗೆ ಹೋಗಿ ಫಿನೈಲ್ ಬಾಟಲಿಗಳನ್ನು ಇಸಿದುಕೊಂಡು ಬಂದಳು. ಆಮೇಲೆ ನ್ಯಾನ್ ಎದುರು ಹೋಗಿ ತಲೆ ತಗ್ಗಿಸಿ ಕುಳಿತಳು. ನಿಮ್ಮ ನದಿ ಯಾವುದು ಎಂದು ನ್ಯಾನ್ ಕೇಳಿದರು.

“ಕಾವೇರಿ” ಎಂದಳು ಅಜ್ಜಿ.

“ಹಾಗಾದ್ರೆ ನನ್ನ ಸಂಕಟ ನಿಮಗೆ ಅರ್ಥ ಆಗುತ್ತೆ” ಎಂದು ನ್ಯಾನ್ ಅವಳ ಕೈ ಹಿಡಿದುಕೊಂಡರು. ಅದನ್ನು ಮಾತ್ರ ಒಂದಕ್ಷರ ಬಿಡದೆ ಅಜ್ಜಿಗೆ ಹೇಳಿದೆ.

ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಯಿತು, ಆ ಬೇಸಿಗೆಯೊಳಗೆ ಪೂರ್ತಿಯಾಗಲಿಲ್ಲ. ಜೂನ್‌ನ ಚಳಿಯಲ್ಲಿ ನ್ಯಾನ್ ತೀರಿಕೊಂಡರು. ಆಂಟಿ ಮೊದಲ ಸೊಪ್ಪು ಕಿತ್ತದ್ದು ಅದರ ಮುಂದಿನ ಬೇಸಿಗೆಯ ಕೊನೆಯಲ್ಲಿ. ಅಜ್ಜಿಗೆಂದು ಮಾಂಸ ತಾಗದ ಬೇರೆ ಪಾತ್ರೆಯಲ್ಲಿ ಬೇಯಿಸಿ ತಂದರು. ನ್ಯಾನ್ ಹೇಳುತ್ತಿದ್ದ ರುಚಿ ಇದೇನಾ ಎಂದು ಅಜ್ಜಿ ಕೇಳಿದಳು. ನೀರು ಚೆನ್ನಾಗಿದ್ದ ಕಾಲದಲ್ಲಿ ಆಂಟಿ ತೀರ ಚಿಕ್ಕವರು. ಆ ರುಚಿ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ.

ಈಗ ನಾನೂ ಆಂಟಿಯ ಜೊತೆ ಅದೇ ಕೆಲಸದಲ್ಲಿದ್ದೇನೆ. ತೊರೆ ನನ್ನ ಬಾಲ್ಯದಲ್ಲಿದ್ದುದಕ್ಕಿಂತ ಎಷ್ಟೋ ಚೊಕ್ಕಟ. ಮಕ್ಕಳು ಕಾಲಿಳಿಬಿಟ್ಟು ಕೂರುತ್ತಾರೆ. ನೋಡಿದಾಗ ಸಂತೋಷವಾಗುತ್ತದೆ, ಒಳಗೊಳಗೇ ಕೊರೆಯುತ್ತಲೂ ಇರುತ್ತದೆ. ಮೊದಲ ಶನಿವಾರವೇ ಹೇಳಿಬಿಟ್ಟಿದ್ದರೆ ನ್ಯಾನ್‌ಗೆ ಸೊಪ್ಪು ಸಿಗುತ್ತಿತ್ತೇ ಎಂದು ಹೋದ ವರ್ಷ ಧೈರ್ಯ ಮಾಡಿ ಆಂಟಿಯನ್ನು ಕೇಳಿದೆ. ಅವರು ಹಳೆಯ ಅಂಕಿಗಳನ್ನು ತೆಗೆದು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ನೋಡಿದರು. ನನ್ನ ಮೇಲೆ ಎಷ್ಟು ಪ್ರೀತಿಯಿದ್ದರೂ ಅಂಕಿಯ ವಿಷಯದಲ್ಲಿ ಸುಳ್ಳು ಹೇಳುವವರಲ್ಲ.

“ಸಿಗ್ತಿತ್ತು ಅನ್ಸುತ್ತೆ” ಎಂದರು.